ಬಚ್ಚಲುಮನೆಯ ಬಾಗಿಲು

ಮನೆ ಕಟ್ಟಿಸುವವರ ಲಕ್ಷ್ಯವೆಲ್ಲ ಮೊದಲು ತಲೆಬಾಗಿಲಿನ ಮೇಲೆಯೇ ಇರುತ್ತದೆ. ನಾನೂ ಇದಕ್ಕೆ ಹೊರತಾಗಿರಲಿಲ್ಲ. 2012ರಲ್ಲಿ ಧಾರವಾಡದಲ್ಲಿ ಮನೆ ಕಟ್ಟಿಸುವಾಗ, ತಲೆಬಾಗಿಲಿಗೆ ದಾಂಡೇಲಿಯ ಸಾಗುವಾನಿಯೇ ಆಗಬೇಕೆಂದು ಹಟ ಹಿಡಿದೆ. ಬಡಿಗೇರರೊಂದಿಗೆ ಹೋಗಿ ಹಲಗೆಗಳನ್ನು ತಿರುವಿ ತಿರುವಿ ನೋಡಿ, ಅಂಚಿನಲ್ಲಿ ಬಿಳಿಯ ಭಾಗವಿದ್ದವನ್ನು ಬದಿಗಿರಿಸಿ, ಕೆಚ್ಚಿನ ಹಲಗೆಗಳನ್ನಷ್ಟೇ ಆರಿಸಿ ತಂದೆವು. ಗೆದ್ದಲು ಮೊದಲು ಹತ್ತುವುದು ಆ ಬಿಳಿಯ ಭಾಗಕ್ಕೇ ಎಂದು ತಿಳಿದದ್ದು ಅಂದು. ಬಡಿಗೇರರು ಅನುಭವಸ್ಥರು. ಕದದ ನಡುವಿನ ಹಲಗೆಗಳನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸಿದರು. ಮಳೆಗಾಲದಲ್ಲಿ ಕಟ್ಟಿಗೆ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುತ್ತದೆ; ಹಿಗ್ಗಿ ಕುಗ್ಗಲು ಎಡೆಯಿಲ್ಲದಿದ್ದರೆ ಸೀಳುತ್ತದೆ. ಕದದ ತಳದ ಅಂಚಿಗೂ ಬಣ್ಣ ಬಳಿಸಿದರು. ಕಣ್ಣಿಗೆ ಕಾಣದ ಆ ಅಂಚಿನಿಂದಲೇ ನೀರು ಏರುವುದಂತೆ.

ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಬಾಗಿಲುಗಳು ಸರಿಸಂಖ್ಯೆಯಲ್ಲಿರಲಿ ಎಂದರು ಒಬ್ಬರು. ದಿಕ್ಕು ತಪ್ಪಿತು ಎಂದರು ಇನ್ನೊಬ್ಬರು. ಶರಣರ ಮನೆತನದವರಿಗೆ ದಿಕ್ಕಿನ ಭಯವೇಕೆ ಎಂದು ನಾನು ನಕ್ಕುಬಿಟ್ಟೆ.

ಒಳಗಿನ ಬಾಗಿಲುಗಳಿಗೆ ನಾನು ಕೊಟ್ಟ ಸಮಯ ಒಂದು ಕಪ್ಪು ಚಹಾ ಕುಡಿಯುವಷ್ಟು. ಎಲ್ಲರ ಮನೆಯಲ್ಲಿರುವಂತೆ ಬಚ್ಚಲಿಗೆ ಎರಡೂವರೆ ಅಡಿ, ಒಳಕ್ಕೆ ತೆರೆಯುವ ಕದ. ಗೋಡೆ ಏಳುತ್ತಿದ್ದಾಗ ಅವ್ವನವರು ಬಂದು ನಿಂತು, "ಬಚ್ಚಲ ಬಾಗಲಾ ಭಾಳ ಸಣ್ಣದಾತಲ್ಲೋ ತಮ್ಮಾ" ಎಂದಿದ್ದರು. "ಅಲ್ಲಿ ಯಾರ್ ನೋಡ್ತಾರ ಬಿಡಬೇ" ಎಂದೆ. ಅವರು ಮತ್ತೆ ಆ ಮಾತನ್ನೆತ್ತಲಿಲ್ಲ.

2017ರ ಶ್ರಾವಣದ ಒಂದು ಬೆಳಗು, ಪೂಜೆಗೆ ಮುಂಚೆ ಸ್ನಾನಕ್ಕೆ ಹೋದ ಅವ್ವನವರು ಜಾರಿ ಬಿದ್ದರು. ಬಿದ್ದದ್ದು ಬಾಗಿಲಿಗೆ ಅಡ್ಡವಾಗಿ. ಒಳಗಿನಿಂದ ಚಿಲಕ ಬೇರೆ ಹಾಕಿತ್ತು. ಚಿಲಕ ಮುರಿದು ತಳ್ಳಿದರೆ ಕದ ಅವರ ಮೈಗೇ ಒತ್ತುತ್ತಿತ್ತು. ಬಿಜಾಗರಿ ಬಿಚ್ಚೋಣವೆಂದರೆ, ಒಳಕ್ಕೆ ತೆರೆಯುವ ಬಾಗಿಲಿನ ಬಿಜಾಗರಿಗಳು ಒಳಮಗ್ಗುಲಲ್ಲೇ ಇರುತ್ತವೆ. ಕೊನೆಗೆ ನೆರೆಮನೆಯವರು ಗರಗಸ ತಂದರು. ಕದದ ಮೇಲರ್ಧವನ್ನು ಕೊಯ್ದು ನನ್ನ ಮಗನನ್ನು ಒಳಗಿಳಿಸುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಅಷ್ಟು ಹೊತ್ತೂ ಅವ್ವನವರು ಒಳಗಿನಿಂದ, "ಅಂಜಬ್ಯಾಡ್ರೋ, ನಾ ಅದೀನಿ" ಎನ್ನುತ್ತಲೇ ಇದ್ದರು. ಧೈರ್ಯ ಹೇಳಬೇಕಾದವರು ನಾವು; ಹೇಳಿದವರು ಅವರು.

ಚಪ್ಪೆಯ ಎಲುಬು ಮುರಿದಿತ್ತು. ಶಸ್ತ್ರಚಿಕಿತ್ಸೆಯಾಗಿ ಗಾಲಿಕುರ್ಚಿಯಲ್ಲಿ ಮನೆಗೆ ಬಂದರು. ಸಾಗುವಾನಿಯ ತಲೆಬಾಗಿಲನ್ನು ಸಲೀಸಾಗಿ ದಾಟಿದ ಕುರ್ಚಿ ಬಚ್ಚಲಿನ ಮುಂದೆ ನಿಂತುಬಿಟ್ಟಿತು. ಅಂದು ನಾನು ಟೇಪು ಹಿಡಿದು ಅಳೆದೆ. ಎರಡೂವರೆ ಅಡಿ ಎಂದರೆ ಗೋಡೆಯ ಕಂಡಿಯ 30 ಅಂಗುಲ. ಅದರಲ್ಲಿ ಚೌಕಟ್ಟಿನ ಎರಡು ಕಂಬಗಳು ಐದು ಅಂಗುಲ ತಿನ್ನುತ್ತವೆ. ತೆರೆದು ನಿಂತ ಕದದ ದಪ್ಪ ಮತ್ತೊಂದು ಅಂಗುಲ. ಉಳಿಯುವುದು 24. ನಮ್ಮ ಗಾಲಿಕುರ್ಚಿಯ ಅಗಲ 26. ಎರಡೇ ಅಂಗುಲದ ಕೊರತೆಗಾಗಿ ಅವ್ವನವರನ್ನು ದಿನಕ್ಕೆ ನಾಲ್ಕಾರು ಬಾರಿ ನಾವು ಎತ್ತಿ ಒಯ್ಯಬೇಕಾಯಿತು. ಹಾಗೆ ಎತ್ತಿಸಿಕೊಳ್ಳುವ ಸಂಕೋಚಕ್ಕೆ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ಇದು ನಮಗೆ ತಿಳಿದದ್ದು ತಡವಾಗಿ, ವೈದ್ಯರು ಗದರಿಸಿದ ಮೇಲೆ.

ಗೋಡೆ ಒಡೆಸಿದೆವು. ಕೇಂದ್ರ ಸರಕಾರ 2016ರಲ್ಲಿ ಹೊರತಂದ ಮಾರ್ಗಸೂಚಿಯಂತೆ ಇಂಥ ಬಾಗಿಲಿನ ತೆರವು 900 ಮಿಲಿಮೀಟರ್, ಅಂದರೆ ಸುಮಾರು ಮೂರಡಿ ಇರಬೇಕು. ಕಂಡಿಯ ಅಳತೆಯಲ್ಲ, ಕದ ತೆರೆದಾಗ ನಿಜಕ್ಕೂ ಉಳಿಯುವ ಜಾಗ. ಮನೆ ಕಟ್ಟಿಸಲು ಹೊರಟಿರುವ ಬಂಧುಗಳು ಇದೊಂದನ್ನು ಗೌಂಡಿಗೆ ಮೊದಲೇ ಒತ್ತಿ ಹೇಳುವುದು ಲೇಸು. ಗೋಡೆ ಎದ್ದ ಮೇಲೆ ಅದರ ಖರ್ಚು ಬೇರೆಯೇ. ಕದ ಈಗ ಹೊರಕ್ಕೆ ತೆರೆಯುತ್ತದೆ. ಓಡಾಡುವವರಿಗೆ ತಾಗದಿರಲೆಂದು ಗೋಡೆಯ ಮಗ್ಗುಲಿಗೇ ಬಿಜಾಗರಿ ಹಚ್ಚಿಸಿದೆವು. ಕಲ್ಲಿನ ಹೊಸ್ತಿಲನ್ನು ತೆಗೆಸಿ, ನೀರು ಹೊರಬಾರದಂತೆ ಬಚ್ಚಲಿನ ನೆಲಕ್ಕೆ ಒಳಮುಖವಾಗಿ ಇಳಿಜಾರು ಕೊಟ್ಟೆವು. ಹೊರಗಿನಿಂದ ನಾಣ್ಯ ತೂರಿಸಿ ತಿರುವಿದರೂ ತೆರೆಯುವ ಚಿಲಕ ಸಿಕ್ಕಿತು.

ಆದರೆ ಆ ಚಿಲಕವನ್ನು ಅವ್ವನವರು ಹಾಕುವುದೇ ಇಲ್ಲ. ಒಳಗೆ ಹೋಗುವಾಗ ಹೊರಗಿನ ಗೂಟಕ್ಕೆ ತಮ್ಮ ಟವೆಲ್ಲನ್ನು ಸಿಕ್ಕಿಸಿ ಹೋಗುತ್ತಾರೆ. ಟವೆಲ್ಲು ಕಂಡರೆ ಮನೆಯ ಹುಡುಗರು ಅಲ್ಲಿಯೇ ನಿಂತು, "ಅಮ್ಮಾ, ಅದೀಯಿಲ್ಲೋ?" ಎಂದು ಒಮ್ಮೆ ಕೂಗುತ್ತಾರೆ. ಒಳಗಿನಿಂದ "ಅದೀನಿ" ಎಂದು ಉತ್ತರ ಬಂದ ಮೇಲೆಯೇ ಮುಂದೆ ಹೋಗುತ್ತಾರೆ.