ಬುತ್ತಿ ಕಟ್ಟಿದೆವೋ, ವಿಳಾಸ ಕಟ್ಟಿದೆವೋ?

ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಸೇರಿ ಸಿ++ನಲ್ಲಿ ಒಂದು ಟ್ರಾಫಿಕ್ ಸಿಗ್ನಲ್ ಸಿಮ್ಯುಲೇಟರ್ ಬರೆದಿದ್ವಿ. ನಾಲ್ಕು ರಸ್ತೆ ಸೇರುವ ಒಂದು ಸರ್ಕಲ್, ಹೊತ್ತು ಹೊತ್ತಿಗೆ ಬಂದು ನಿಲ್ಲುವ ವಾಹನಗಳು, ಬಣ್ಣ ಬದಲಿಸುವ ದೀಪಗಳು. ಅಷ್ಟೇ. ಡೆಮೊದ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ, ಮೊದಲ ಸಲ ನಾಲ್ಕೂ ರಸ್ತೆಗಳ ಫೈಲ್ ಕೊಟ್ಟು ಓಡಿಸಿದೆವು. ಯಾವ ದಿಕ್ಕಿನಿಂದ ಬಂದ ಬಸ್ಸಾದರೂ, ಆಟೋ ಆದರೂ ಸ್ಕ್ರೀನ್ ಮೇಲೆ 'ಸ್ಟೇಷನ್ ರಸ್ತೆ' ಅಂತಲೇ ತೋರಿಸ್ತು. ಒಂದೆರಡು ಸಾಲು ಬದಲಿಸಿ ಮತ್ತೆ ಓಡಿಸಿದರೆ, ರಸ್ತೆ ಹೆಸರಿನ ಜಾಗದಲ್ಲಿ ಯಾವ ಭಾಷೆಯೂ ಅಲ್ಲದ ಅಕ್ಷರಗಳು.

"ಲೋ, ಶೆಡ್ಯೂಲರ್ ಬರೆದಿದ್ದು ನೀನೇ ಅಲ್ವೇನೋ?" ಅಂತ ನಮ್ಮಲ್ಲೊಬ್ಬರ ಬಾಯಿಂದ ಬಂತು. ಉಳಿದವರು ತಡೆಯಲಿಲ್ಲ. ಆ ಭಾಗ ಬರೆದಿದ್ದ ಗೆಳೆಯ ಏನೂ ಹೇಳದೆ ಲ್ಯಾಪ್‌ಟಾಪ್ ಮುಚ್ಚಿ ತನ್ನ ರೂಮಿಗೆ ಹೋದ. ಈ ಲೇಖನ ಆ ಬಗ್ ಬಗ್ಗೆ. ಆ ಮಾತಿನ ಬಗ್ಗೆಯೂ ಹೌದು.

ಮೊದಲು ನಮಗೆ ಬೇಕಿದ್ದದ್ದು ಏನು ಅಂತ ಹೇಳ್ತೀವಿ. ಇಂಥ ಸಿಮ್ಯುಲೇಟರ್‌ನಲ್ಲಿ ಕೆಲಸಗಳು ಈಗಲೇ ಆಗೋದಿಲ್ಲ. '12ನೇ ಸೆಕೆಂಡಿಗೆ ಈ ರಸ್ತೆಗೆ 3 ವಾಹನ ಬರಲಿ', '30ನೇ ಸೆಕೆಂಡಿಗೆ ಎರಡನೇ ದೀಪ ಹಸಿರಾಗಲಿ' ಅಂತ ಈಗ ಹೇಳಿಟ್ಟು, ಆ ಹೊತ್ತು ಬಂದಾಗ ಫಂಕ್ಷನ್ ಕರೆಯಬೇಕು. ಅಂದರೆ ಫಂಕ್ಷನ್ ಒಂದನ್ನೇ ಎತ್ತಿಟ್ಟರೆ ಸಾಲದು, ಅದಕ್ಕೆ ಕೊಡಬೇಕಾದ ಆರ್ಗ್ಯುಮೆಂಟ್‌ಗಳನ್ನೂ ಜೊತೆಗೇ ಎತ್ತಿಡಬೇಕು. ತೊಡಕು ಏನಂದ್ರೆ ಒಂದು ಫಂಕ್ಷನ್ ಎರಡು ಆರ್ಗ್ಯುಮೆಂಟ್ ಕೇಳುತ್ತೆ, ಇನ್ನೊಂದು ಮೂರು. ಒಂದಕ್ಕೆ ಸಂಖ್ಯೆ ಬೇಕು, ಇನ್ನೊಂದಕ್ಕೆ ಹೆಸರು. ಒಂದೊಂದಕ್ಕೂ ಒಂದೊಂದು ಕ್ಲಾಸ್ ಬರೀತಾ ಕೂತರೆ ಸೆಮಿಸ್ಟರ್ ಮುಗಿದೇ ಹೋಗುತ್ತೆ.

ಇದಕ್ಕೆ 2011ರ ಸಿ++ ಕೊಟ್ಟ ಉತ್ತರವೇ ವೇರಿಯಾಡಿಕ್ ಟೆಂಪ್ಲೇಟ್. 'ಆರ್ಗ್ಸ್' ಅನ್ನೋ ಹೆಸರಿನ ಎಡಕ್ಕೆ ಮೂರು ಚುಕ್ಕಿ ಇಟ್ಟರೆ 'ಎಷ್ಟಾದರೂ ಬರಲಿ, ಯಾವ ಟೈಪ್ ಆದರೂ ಬರಲಿ, ಎಲ್ಲ ಒಂದು ಗಂಟು' ಅಂತ ಅರ್ಥ. ಆ ಗಂಟಿಗೆ ಪ್ಯಾಕ್ ಅನ್ನುತ್ತಾರೆ. ಬಳಸುವಾಗ ಬಲಕ್ಕೆ ಮೂರು ಚುಕ್ಕಿ ಇಟ್ಟರೆ ಗಂಟು ಬಿಚ್ಚಿದ ಹಾಗೆ, ಒಳಗಿದ್ದದ್ದೆಲ್ಲ ಅಲ್ಪವಿರಾಮಗಳ ನಡುವೆ ಸಾಲಾಗಿ ನಿಲ್ಲುತ್ತೆ. ಆದರೆ ಪ್ಯಾಕ್ ಅನ್ನು ಹಾಗೇ ಒಂದು ವೇರಿಯಬಲ್‌ನಲ್ಲಿ ಇಡೋಕಾಗಲ್ಲ. ಆದ್ದರಿಂದ ಅದನ್ನು ಟ್ಯೂಪಲ್ ಅನ್ನೋ ಡಬ್ಬಿಯೊಳಗೆ ಹಾಕಬೇಕು. ಹೊತ್ತು ಬಂದಾಗ ಡಬ್ಬಿಯ ಸೊನ್ನೆಯನೇ ಖಾನೆ, ಒಂದನೇ ಖಾನೆ, ಎರಡನೇ ಖಾನೆ ಅಂತ ತೆಗೆದು ಫಂಕ್ಷನ್‌ಗೆ ಬಡಿಸಬೇಕು.

ಈ ಬಡಿಸುವ ಕೆಲಸಕ್ಕೆ 2017ರ ಸಿ++ನಲ್ಲಿ 'ಅಪ್ಲೈ' ಅಂತ ಒಂದೇ ಪದ ಇದೆ. ನಮ್ಮ ಲ್ಯಾಬ್‌ನ ಕಂಪೈಲರ್ 2014ರಲ್ಲೇ ನಿಂತಿತ್ತು. ಹಾಗಾಗಿ ಗೆಳೆಯ ಅದನ್ನು ಕೈಯಿಂದಲೇ ಬರೆದ. 2014ರಲ್ಲಿ ಬಂದ ಇಂಡೆಕ್ಸ್ ಸೀಕ್ವೆನ್ಸ್ ಬಳಸಿ 0, 1, 2 ಅನ್ನೋ ಅಂಕಿಗಳದ್ದೇ ಒಂದು ಪ್ಯಾಕ್ ಮಾಡಿ, ಆ ಅಂಕಿಗಳನ್ನು ಬಿಚ್ಚುತ್ತಾ ಟ್ಯೂಪಲ್‌ನ ಒಂದೊಂದೇ ಖಾನೆ ತೆಗೆಯೋದು. ಲೂಪ್ ಇಲ್ಲ, ಎಲ್ಲ ಕಂಪೈಲ್ ಆಗುವಾಗಲೇ ತೀರ್ಮಾನ. ಕೊನೆಗೆ ಇಡೀ ಡಬ್ಬಿಯನ್ನು ಒಂದು ಲ್ಯಾಂಬ್ಡಾದೊಳಗಿಟ್ಟು, ಅದನ್ನು 'ಏನೂ ಕೇಳದ, ಏನೂ ಕೊಡದ' ಫಂಕ್ಷನ್ ಅಂತ ಕ್ಯೂಗೆ ಸೇರಿಸಿದ್ದ. ಕ್ಯೂಗೆ ಒಳಗೇನಿದೆ ಅಂತ ಗೊತ್ತಿರಬೇಕಾಗಿಲ್ಲ, ಹೊತ್ತಾದಾಗ ಕರೆದರೆ ಸಾಕು. ಅವನು ಇದನ್ನು ಮೊದಲ ಸಲ ತೋರಿಸಿದಾಗ ನಾವೆಲ್ಲ ಚಪ್ಪಾಳೆ ಹೊಡೆದಿದ್ವಿ. ಅರ್ಥ ಆಗಿತ್ತಾ ಅಂದ್ರೆ, ಇಲ್ಲ. ಟೆಸ್ಟ್ ಪಾಸಾಗಿತ್ತು, ಅಷ್ಟು ಸಾಕಾಗಿತ್ತು.

ರಾತ್ರಿ ಒಂದು ಗಂಟೆಗೆ ಅವನ ಬಾಗಿಲು ತಟ್ಟಿದ್ವಿ. "ತಪ್ಪಾಯ್ತು ಮಗಾ, ಬಾ, ಒಟ್ಟಿಗೆ ನೋಡೋಣ" ಅಂದ್ವಿ. ಅವನು ನಿದ್ದೆ ಮಾಡಿರಲಿಲ್ಲ. ಅಡ್ರೆಸ್ ಸ್ಯಾನಿಟೈಸರ್ ಹಾಕಿ ಓಡಿಸುತ್ತಾ ಕೂತಿದ್ದ. ಸತ್ತ ವೇರಿಯಬಲ್ ಒಂದನ್ನು ಯಾರೋ ಓದುತ್ತಿದ್ದಾರೆ ಅಂತ ಅದು ಕೆಂಪಕ್ಷರದಲ್ಲಿ ಹೇಳಿತ್ತು. ಬೆರಳು ಮಾಡಿದ್ದು ಶೆಡ್ಯೂಲರ್ ಕಡೆಗಲ್ಲ, ನಾವು ಮೂವರು ಬರೆದಿದ್ದ ಫೈಲ್ ಓದುವ ಲೂಪಿನ ಕಡೆಗೆ.

ಆ ಲೂಪ್‌ನಲ್ಲಿ ನಾವು ಮಾಡಿದ್ದಿಷ್ಟೇ: ಒಂದು ಸಾಲು ಓದು, ರಸ್ತೆಯ ಹೆಸರನ್ನು ಒಂದು ವೇರಿಯಬಲ್‌ನಲ್ಲಿಡು, ಅದನ್ನು ಶೆಡ್ಯೂಲರ್‌ಗೆ ಕೊಡು. ಆ ವೇರಿಯಬಲ್ ಲೂಪಿನ ಒಂದು ಸುತ್ತಿನಲ್ಲೇ ಹುಟ್ಟಿ, ಅದೇ ಸುತ್ತಿನ ಕೊನೆಗೆ ಸಾಯುತ್ತೆ. ಶೆಡ್ಯೂಲರ್ ಆರ್ಗ್ಯುಮೆಂಟ್‌ಗಳನ್ನು ಎರಡು ಆಂಪರ್‌ಸ್ಯಾಂಡ್ ಹಾಕಿ ತಗೊಂಡು, 'ಆರ್ಗ್ಸ್'ನ ಟ್ಯೂಪಲ್ ಮಾಡಿ ಇಟ್ಟುಕೊಳ್ಳುತ್ತಿತ್ತು. ಇಲ್ಲಿದೆ ಸೂಕ್ಷ್ಮ. ಹಾಗೆ ತಗೊಂಡಾಗ, ನೀವು ನೇರವಾಗಿ 3 ಅಂತ ಕೊಟ್ಟರೆ 'ಆರ್ಗ್ಸ್'ನಲ್ಲಿ ಇಂಟ್ ಅಂತ ಸೇರುತ್ತೆ, ಡಬ್ಬಿಯೊಳಗೆ 3 ಅನ್ನೋ ಬೆಲೆಯೇ ಕೂರುತ್ತೆ. ಆದರೆ ಹೆಸರಿರುವ ಒಂದು ವೇರಿಯಬಲ್ ಕೊಟ್ಟರೆ 'ಆರ್ಗ್ಸ್'ನಲ್ಲಿ ಸೇರುವುದು ಸ್ಟ್ರಿಂಗ್ ಅಲ್ಲ, ಸ್ಟ್ರಿಂಗ್ ರೆಫರೆನ್ಸ್. ಡಬ್ಬಿಯೊಳಗೆ ಊಟ ಇಲ್ಲ, ಊಟ ಇರುವ ಮನೆಯ ವಿಳಾಸ ಇದೆ.

ನಾವು ಬರೆದ ಟೆಸ್ಟ್‌ಗಳೆಲ್ಲ ಯಾಕೆ ಪಾಸಾದವು ಅಂತ ಆಗ ಹೊಳೀತು. ಟೆಸ್ಟ್‌ನಲ್ಲಿ ರಸ್ತೆ ಹೆಸರನ್ನು ಕೋಟ್ ಹಾಕಿ ನೇರವಾಗಿ ಬರೆದಿದ್ವಿ. ಅಂಥ ಅಕ್ಷರಗಳು ಪ್ರೋಗ್ರಾಮ್ ಮುಗಿಯೋ ತನಕ ಬದುಕಿರುತ್ತವೆ, ಅವುಗಳ ವಿಳಾಸ ಇಟ್ಟುಕೊಂಡರೂ ಕೆಡುಕಿಲ್ಲ. ಹಾಸ್ಟೆಲ್‌ನಲ್ಲಿರೋರಿಗೆ ಇದು ಬೇಗ ಅರ್ಥ ಆಗುತ್ತೆ. ನಮ್ಮಲ್ಲಿ ವರ್ಷ ವರ್ಷ ರೂಮ್ ಬದಲಾಗುತ್ತೆ. ಕಳೆದ ವರ್ಷದ ರೂಮ್ ನಂಬರಿಗೆ ಅಮ್ಮ ಚಕ್ಕುಲಿ ಪಾರ್ಸೆಲ್ ಕಳಿಸಿದರೆ, ರೂಮ್ ಇದ್ದೇ ಇರುತ್ತೆ, ಬಾಗಿಲೂ ತೆರೆಯುತ್ತೆ, ಒಳಗಿರೋರು ಮಾತ್ರ ಬೇರೆಯವರು. ಮೆಮೊರಿಯಲ್ಲೂ ಹಾಗೇ ಆಯ್ತು. ಲೂಪಿನ ಪ್ರತಿ ಸುತ್ತಿನಲ್ಲೂ ಅದೇ ಜಾಗಕ್ಕೆ ಹೊಸ ಹೆಸರು ಬಂದು ಕೂತಿತ್ತು. ನಾಲ್ಕೂ ವಿಳಾಸಗಳು ಒಂದೇ ರೂಮಿನವು, ಕೊನೆಗೆ ಅಲ್ಲಿ ಉಳಿದಿದ್ದದ್ದು ಫೈಲಿನ ಕೊನೆಯ ಸಾಲಿನ 'ಸ್ಟೇಷನ್ ರಸ್ತೆ'. ಅದೂ ಅದೃಷ್ಟ ಇರೋ ತನಕ ಮಾತ್ರ.

ತಿದ್ದೋದು ಒಂದೇ ಪದ: 'ಡಿಕೇ'. ಟ್ಯೂಪಲ್ ಕಟ್ಟುವಾಗ ಪ್ರತಿ ಟೈಪ್‌ನಿಂದ ರೆಫರೆನ್ಸ್ ಕಳಚಿ ಹಾಕಿದರೆ ಒಳಗೆ ನಕಲು ಉಳಿಯುತ್ತೆ. ಸಿ++ನ ಥ್ರೆಡ್ ಕೂಡ ತನಗೆ ಕೊಟ್ಟ ಆರ್ಗ್ಯುಮೆಂಟ್‌ಗಳನ್ನು ಹೀಗೇ ನಕಲು ಮಾಡಿಟ್ಟುಕೊಳ್ಳುತ್ತೆ. ಹಾಕಿದ್ವಿ. ನಾಲ್ಕು ರಸ್ತೆಗೂ ಸರಿಯಾದ ಹೆಸರು ಬಂತು. ಕುಣಿದಾಡಿದ್ವಿ. ಎರಡೇ ನಿಮಿಷ. ಈಗ ಸರ್ಕಲ್‌ನಲ್ಲಿ ನಿಂತ ವಾಹನಗಳ ಲೆಕ್ಕ ಸೊನ್ನೆ ಬಿಟ್ಟು ಮೇಲೇಳುತ್ತಿಲ್ಲ! ದೀಪವೂ ಕೆಂಪಲ್ಲೇ ನಿಂತಿದೆ.

ಯಾಕಂದ್ರೆ ಈಗ ಎಲ್ಲವೂ ನಕಲು. ಸರ್ಕಲ್‌ನ ಆಬ್ಜೆಕ್ಟ್ ಕೂಡ. ಪ್ರತಿ ಈವೆಂಟ್ ತನ್ನದೇ ಡಬ್ಬಿಯೊಳಗಿನ ಸರ್ಕಲ್‌ಗೆ ವಾಹನ ಸೇರಿಸಿ, ತನ್ನದೇ ದೀಪ ಹಸಿರು ಮಾಡಿ, ಕೆಲಸ ಮುಗೀತು ಅಂತ ಹೋಗುತ್ತಿತ್ತು. ಅಸಲಿ ಸರ್ಕಲ್‌ಗೆ ಸುದ್ದಿಯೇ ಇಲ್ಲ. ಹೆಸರಿನ ವಿಷಯದಲ್ಲಿ ವಿಳಾಸ ತಪ್ಪು, ಬುತ್ತಿ ಸರಿ. ಸರ್ಕಲ್‌ನ ವಿಷಯದಲ್ಲಿ ಬುತ್ತಿ ತಪ್ಪು, ವಿಳಾಸವೇ ಸರಿ. ಅದು ಮೇನ್‌ನಲ್ಲಿ ಶುರುವಿನಿಂದ ಕೊನೆ ತನಕ ಬದುಕಿರುತ್ತೆ, ಅದನ್ನೇ ಎಲ್ಲರೂ ಮುಟ್ಟಬೇಕು. ಹಾಗಾಗಿ ಅದೊಂದನ್ನು ಮಾತ್ರ 'ರೆಫ್' ಅಂತ ಸುತ್ತಿ ಕೊಟ್ವಿ. 'ಇದರ ವಿಳಾಸವನ್ನೇ ಇಟ್ಟುಕೋ, ಜವಾಬ್ದಾರಿ ನಂದು' ಅಂತ ಕರೆಯುವವರು ಬಾಯಿಬಿಟ್ಟು ಹೇಳುವ ರೀತಿ ಅದು. ಬೆಳಗಿನ ನಾಲ್ಕಕ್ಕೆ ಸಿಮ್ಯುಲೇಟರ್ ಸರಿಯಾಗಿ ಓಡ್ತು.

ಡೆಮೊದಲ್ಲಿ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟೆಲ್ಲ ಯಾಕ್ರೀ, ಕರೆಯುವ ಕಡೆಯೇ ಒಂದು ಲ್ಯಾಂಬ್ಡಾ ಬರೆದಿದ್ದರೆ ಆಗ್ತಿರಲಿಲ್ವಾ?" ಶೆಡ್ಯೂಲರ್ ಬರೆದವನೇ ಉತ್ತರ ಕೊಟ್ಟ. "ಆಗ್ತಿತ್ತು ಮೇಡಂ. ಆದರೆ ಆಗಲೂ ಕ್ಯಾಪ್ಚರ್‌ನಲ್ಲಿ ಸಮ ಚಿಹ್ನೆ ಹಾಕಬೇಕಾ, ಆಂಪರ್‌ಸ್ಯಾಂಡ್ ಹಾಕಬೇಕಾ ಅಂತ ಇದೇ ಪ್ರಶ್ನೆ ಬರ್ತಿತ್ತು." ಮೇಡಂ ತಲೆಯಾಡಿಸಿ ಮುಂದಿನ ಸ್ಲೈಡ್ ಅಂದರು.

ಆಮೇಲೆ ಕ್ಯಾಂಟೀನ್‌ನಲ್ಲಿ ಕೂತು ಯೋಚಿಸಿದಾಗ ನಮಗೆ ಅನಿಸಿದ್ದು ಇದು. ಅವನು ಬರೆದದ್ದು ಕರೆದ ಕೂಡಲೇ ಓಡುವ ಫಂಕ್ಷನ್‌ಗೆ ಸರಿ, ಎತ್ತಿಟ್ಟು ಆಮೇಲೆ ಕರೆಯೋದಕ್ಕೆ ಸಾಲದು. ನಾವು ಬರೆದದ್ದೂ ಹಾಗೇ. ಒಂದೊಂದನ್ನೇ ನೋಡಿದರೆ ಎರಡರಲ್ಲೂ ತಪ್ಪು ಕಾಣೋದಿಲ್ಲ, ಕಂಪೈಲರ್ ಕೂಡ ತುಟಿ ಬಿಚ್ಚಲಿಲ್ಲ. ಕೊಟ್ಟ ವಸ್ತು ಎಲ್ಲಿಯವರೆಗೆ ಬದುಕಿರುತ್ತೆ ಅನ್ನೋದನ್ನು ಮಾತ್ರ ನಾಲ್ವರಲ್ಲಿ ಯಾರೂ ಯಾರನ್ನೂ ಕೇಳಿರಲಿಲ್ಲ. ಕೇಳೋದಕ್ಕೆ ಒಂದು ನಿಮಿಷ ಸಾಕಿತ್ತು. ಕೇಳದೇ ಇದ್ದದ್ದಕ್ಕೆ ಒಂದು ರಾತ್ರಿ ಹೋಯ್ತು, ಒಬ್ಬ ಗೆಳೆಯನಿಗೆ ಅನ್ನಬಾರದ್ದನ್ನು ಅಂದೆವು.

ಈಗ ಆರನೇ ಸೆಮಿಸ್ಟರ್. ಅದೇ ನಾಲ್ವರು, ಬೇರೆ ಪ್ರಾಜೆಕ್ಟ್, ಅದೇ ಶೆಡ್ಯೂಲರ್. ಅದರ ತಲೆಯ ಮೇಲೆ ಎರಡು ಸಾಲಿನ ಕಾಮೆಂಟ್ ಇದೆ, ಕನ್ನಡದಲ್ಲೇ ಬರೆದಿದ್ದೀವಿ: 'ಇಲ್ಲಿಗೆ ಕೊಟ್ಟದ್ದರ ನಕಲು ಉಳಿಯುತ್ತೆ. ಅಸಲಿಯೇ ಬೇಕಿದ್ದರೆ ರೆಫ್ ಹಾಕಿ, ಹಾಕೋ ಮುಂಚೆ ನಮ್ಮಲ್ಲೊಬ್ಬರನ್ನು ಕೇಳಿ.'