ಪಾಂಡಿಚೇರಿಯಲ್ಲಿ ಒಂದು ಊಟ

ಹೋಟೆಲಿನ ತಿಂಡಿಪಟ್ಟಿಯನ್ನು ಕೆಲವರು ಎಡದಿಂದ ಓದುತ್ತಾರೆ, ಕೆಲವರು ಬಲದಿಂದ. ನಾನು ಕಾಮರ್ಸ್ ವಿದ್ಯಾರ್ಥಿ. ರೂಪಾಯಿಯ ಸಾಲು ನೋಡಿಯೇ ಎಡಕ್ಕೆ ಬರುವವನು. ಅಕ್ಕ-ಭಾವ ಹಾಗಲ್ಲ. ಹೆಸರು ನಾಲಗೆಗೆ ಹೊರಳದಿದ್ದರೆ ಅದನ್ನೇ ತರಿಸುವ ಜೋಡಿ. ಕಳೆದ ತಿಂಗಳು ಒಂದು ಭಾನುವಾರ ಅವರ ಬಾಲವಾಗಿ ಚೆನ್ನೈಯಿಂದ ಪಾಂಡಿಚೇರಿಗೆ ಹೋದೆ. (2006ರಿಂದ ಅದು ಪುದುಚೇರಿ, ಕಂಡಕ್ಟರನಿಗೆ ಇನ್ನೂ ‘ಪಾಂಡಿ’ಯೇ.)

ಕಡಲ ಬದಿಯ ಫ್ರೆಂಚರ ಬೀದಿಯಲ್ಲಿ ಒಂದು ಹಳೆಯ ಮನೆ, ಅದೇ ಹೋಟೆಲು. ಪಟ್ಟಿಯ ನೆತ್ತಿಯಲ್ಲಿ ‘ಕ್ರಿಯೋಲ್ ಅಡಿಗೆ’ ಎಂದಿತ್ತು.

“ಹಾಗಂದ್ರೆ ಎಂತದು ಭಾವ?”

“ತಿಂದ್ರೆ ಗೊತ್ತಾಗ್ತದೆ, ಸುಮ್ನಿರು.”

ಆಮೇಲೆ ನಾನೇ ಓದಿಕೊಂಡೆ. ಪೋರ್ಚುಗೀಸ್, ಸ್ಪ್ಯಾನಿಷ್ ಕಡೆಯಿಂದ ಬಂದ ಮಾತದು. ವಸಾಹತಿನ ನೆಲದಲ್ಲೇ ಹುಟ್ಟಿ ಬೆಳೆದವರು ಎಂದು ಅರ್ಥ. ಅಮೆರಿಕದ ನ್ಯೂ ಆರ್ಲಿಯನ್ಸಿನ ಅಡಿಗೆಗೂ ಇದೇ ಹೆಸರು. ಅಲ್ಲಿನ ‘ಗಂಬೊ’ ಎಂಬ ಸಾರಿನ ಹೆಸರು ಆಫ್ರಿಕದ ಭಾಷೆಗಳಲ್ಲಿ ಬೆಂಡೆಕಾಯಿಗಿರುವ ಹೆಸರಿನಿಂದ ಬಂದದ್ದಂತೆ. ಪಾಂಡಿಚೇರಿಯದು ಫ್ರೆಂಚರೂ ತಮಿಳರೂ ಕೂಡಿ ಮಾಡಿದ್ದು. ಇಲ್ಲಿನವರು ಫ್ರೆಂಚ್ ಸರಕಾರದ ನೌಕರಿಗೆಂದು ವಿಯೆಟ್ನಾಮಿಗೆ ಹೋಗಿ, ಬರುವಾಗ ಅಲ್ಲಿನ ಕರಿದ ಸುರುಳಿಯನ್ನೂ ತಂದರು. 1954ರಲ್ಲಿ ಫ್ರೆಂಚರು ಆಡಳಿತ ಬಿಟ್ಟುಕೊಟ್ಟರು, ಅಡಿಗೆ ಉಳಿಯಿತು.

ಆ ಸುರುಳಿಯೇ ನನ್ನ ಪಾಲಿಗೆ, ಅಗ್ಗ ಎಂದು. ಭಾವನಿಗೆ ಕುರಿಮಾಂಸದ ‘ರಗು’, ಅದಕ್ಕೆ ವಡವಂ ಒಗ್ಗರಣೆ. ಈ ವಡವಂ ನಮ್ಮ ಸಂಡಿಗೆಯ ದಾಯಾದಿ ನೋಡಿ: ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಉದ್ದು, ಸಾಸಿವೆ, ಮೆಂತೆ ಕೂಡಿಸಿ, ಹರಳೆಣ್ಣೆ ಹಚ್ಚಿ ಉಂಡೆ ಕಟ್ಟಿ ಒಣಗಿಸುವುದು. ಫ್ರೆಂಚರು ಅದನ್ನು ‘ವಾದುವಾಂ’ ಮಾಡಿ ತಮ್ಮ ಅಡಿಗೆಮನೆಗೂ ಒಯ್ದಿದ್ದಾರೆ. ಅಕ್ಕ ತರಿಸಿದ್ದು ‘ಬುಯಾಬೇಸ್’, ಮಾರ್ಸೇಲ್ಸ್ ಬಂದರಿನ ಮೀನುಸಾರು. ಅರಸಿನ ಬಿದ್ದು ಹಳದಿಯಾಗಿತ್ತು, ಸೋಂಪಿನ ವಾಸನೆ, ಪಕ್ಕದಲ್ಲಿ ಬ್ರೆಡ್ಡು. ತೆಂಗಿನಕಾಯಿಯ ಸುಳಿವೇ ಇಲ್ಲ. ನಾವು ಕುಂದಾಪುರದ ಕಡೆಯವರು. ಕಾಯಿ ಅರೆಯದ ಮೀನುಸಾರು ನಮ್ಮ ಲೆಕ್ಕದಲ್ಲಿ ಜ್ವರದವರಿಗೆ.

ಮನೆಯಲ್ಲಿ ಅಕ್ಕ ಕೊನೆಗೆ ಉಣ್ಣುವವಳು. ಮಾವ, ಭಾವ, ನಾನು, ಆಮೇಲೆ ಅತ್ತೆ. ಮೀನಿನ ನಡುತುಂಡು ಅವಳ ಬಟ್ಟಲಿಗೆ ಬಂದದ್ದನ್ನು ಎರಡು ವರ್ಷದಲ್ಲಿ ನಾನು ನೋಡಿಲ್ಲ. ಯಾರೂ ಬಾಯಿಬಿಟ್ಟು ಹೇಳಿದ ನಿಯಮವಲ್ಲ, ಹಾಗೇ ನಡೆದುಕೊಂಡು ಬಂದಿದೆ. ಇಲ್ಲಿ ಮಾಣಿ ಮೊದಲು ಅವಳ ಮುಂದೆಯೇ ತಂದಿಟ್ಟ. ಅಕ್ಕ ಭಾವನ ಮುಖ ನೋಡಿದಳು.

“ನಂದು ಬರ್ಲಿಕ್ಕೆ ಹೊತ್ತುಂಟು. ನೀ ತಿನ್ನು, ಆರ್ತದೆ.”

ತಿಂದಳು. ಬಟ್ಟಲಿನ ತಳವನ್ನು ಬ್ರೆಡ್ಡಿನಿಂದ ಒರೆಸಿ ತಿಂದು, “ಹುಳಿ ಕಮ್ಮಿ” ಎಂದು ತೀರ್ಪು ಕೊಟ್ಟಳು.

ಬಿಲ್ಲು 1,840 ರೂಪಾಯಿ. ಬಸ್ಸಿನಲ್ಲಿ ಭಾವ, “ಅಮ್ಮನ ಹತ್ರ ಹೇಳ್ಬೇಡ” ಅಂದರು. ಅಕ್ಕ ರಾತ್ರಿಯೇ ಹೇಳಿದಳು, ದುಡ್ಡನ್ನೂ ಸೇರಿಸಿ. ಅತ್ತೆ ದುಡ್ಡಿನ ಸುದ್ದಿಗೇ ಹೋಗಲಿಲ್ಲ: “ಕಾಯಿ ಹಾಕ್ಲಿಲ್ಯಾ? ಅದೆಂಥಾ ಮೀನ್ಸಾರು ಮಾರಾಯ್ತಿ!”

ಮುಂದಿನ ಭಾನುವಾರ ಅಕ್ಕ ಅದನ್ನೇ ಮಾಡಿದಳು. ಸ್ವಲ್ಪ ಹುಣಸೆ ಹೆಚ್ಚು. ಪಾತ್ರೆಯನ್ನು ನಡುವಿಗಿಟ್ಟು, ಐದು ಬಟ್ಟಲು ಹಾಕಿ, ತಾನೂ ಕೂತಳು.

“ಬಡಿಸೋರು ಯಾರು?” ಅಂದರು ಮಾವ.

“ಇದನ್ನು ಎಲ್ಲರೂ ಒಟ್ಟಿಗೇ ತಿನ್ನೂದು ಮಾವ.”

ಅತ್ತೆ ಮಾತಾಡಲಿಲ್ಲ. ಒಳಗೆ ಹೋಗಿ ಉಪ್ಪಿನಕಾಯಿ ಭರಣಿ ತಂದು ಅಕ್ಕನ ಪಕ್ಕದಲ್ಲೇ ಕೂತರು.