ಬಾಗಿಲ ಅಗಳಿ

ಸತ್ತವರಿಗಾಗಿ ಅಳುವುದಕ್ಕೆ ಲೋಕವು ಇಂತಿಷ್ಟು ದಿನಗಳೆಂದು ಗೊತ್ತುಮಾಡಿದೆ. ಬದುಕಿದ್ದೂ ದೂರವಾದ ಮಗನಿಗಾಗಿ ಅಳುವುದಕ್ಕೆ ಒಂದು ದಿನವನ್ನೂ ಇಟ್ಟಿಲ್ಲ. ಬಂಧುಗಳು ಬಂದರೂ ಆ ಮಾತೆತ್ತದೆ ಮಳೆಬೆಳೆಯ ಸುದ್ದಿ ಹೇಳಿ ಹೊರಟುಹೋಗುತ್ತಾರೆ.

ನಮ್ಮ ಒಬ್ಬನೇ ಮಗನು ನಮ್ಮನ್ನು ಕೇಳದೆ ಮದುವೆಯಾದನೆಂದು ಆರು ವರ್ಷಗಳ ಹಿಂದೆ ಜಗಳವಾಯಿತು. ಪಡಸಾಲೆಯಲ್ಲಿ ನಿಂತು, "ಇನ್ನು ನಮಗೆ ಮಗನಿಲ್ಲ" ಎಂದು ನುಡಿದೆವು. ಅವನು ಆ ಸಂಜೆಯೇ ಸೊಲ್ಲಾಪುರದ ದಾರಿ ಹಿಡಿದನು.

ನಮ್ಮೂರು ಹಲಸಂಗಿ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರ ಶ್ರಮದಿಂದ 1931ರಲ್ಲಿ 'ಗರತಿಯ ಹಾಡು' ಬೆಳಕು ಕಂಡಿತು. ತವರಿನ ಹಂಬಲವನ್ನೂ ಕೂಸಿನ ಅಕ್ಕರೆಯನ್ನೂ ನಮ್ಮ ತಾಯಂದಿರು ಬೀಸುವ ಕಲ್ಲಿನ ಮುಂದೆ ತೋಡಿಕೊಂಡರು. ತಂದೆಯಾದವನಿಗೆ ಅಂಥದೊಂದು ಕಲ್ಲಿಲ್ಲ. ಅವನು ಸುಮ್ಮನಿರುತ್ತಾನೆ; ಆ ಮೌನಕ್ಕೆ ಗಾಂಭೀರ್ಯವೆಂದು ಹೆಸರಿಡುತ್ತಾನೆ. ನಾವೂ ಹಾಗೆಯೇ ಮಾಡಿದೆವು.

ಕಳೆದ ವರ್ಷ ಒಂದು ದಿನ ಕಠೋಪನಿಷತ್ತನ್ನು ತೆರೆದೆವು. ನಚಿಕೇತನ ಕಥೆಯನ್ನು ಶಾಲೆಯಲ್ಲಿ ಎಷ್ಟೋ ಸಲ ಹೇಳಿದ್ದೆವು. ತಂದೆಯು ಬಡಕಲು ಹಸುಗಳನ್ನು ದಾನಕೊಡುವುದನ್ನು ಕಂಡು, ತನ್ನನ್ನು ಯಾರಿಗೆ ಕೊಡುವಿರೆಂದು ಮಗನು ಮೂರು ಸಲ ಕೇಳಿದನು. ತಂದೆಯು ಸಿಟ್ಟಿನಲ್ಲಿ ಮೃತ್ಯುವಿಗೆ ಎಂದುಬಿಟ್ಟನು. ಪಾಠ ಹೇಳುವಾಗ ನಾವು ಯಾವಾಗಲೂ ಮೂರನೆಯ ವರವಾದ ಆತ್ಮವಿದ್ಯೆಗೆ ಅವಸರಪಡುತ್ತಿದ್ದೆವು. ಈ ಸಲ ಕಣ್ಣು ಮೊದಲನೆಯದರಲ್ಲಿಯೇ ನಿಂತಿತು. ತಂದೆಯ ಕೋಪವಿಳಿಯಲಿ, ಮರಳಿದಾಗ ತನ್ನನ್ನು ಗುರುತಿಸಿ ಮಾತನಾಡಿಸಲಿ ಎಂಬುದನ್ನೇ ಆ ಹುಡುಗನು ಯಮನಲ್ಲಿ ಮೊದಲು ಬೇಡಿದ್ದನು.

ನಮ್ಮ ಮಗನು ಏನು ಬೇಡುವನೋ ನಾವರಿಯೆವು. ಅವನ ಮನಸ್ಸು ನಮ್ಮ ಕೈಯೊಳಗಿಲ್ಲ. ಆದರೆ ಕೋಪವನ್ನು ಇಳಿಸಿಕೊಳ್ಳುವುದು ತಂದೆಯ ಪಾಲಿನ ಕೆಲಸ. ಇಂಥ ನೋವುಳ್ಳ ವಾಚಕರಿಗೆ ನಾವು ಹೇಳಬಲ್ಲುದು ಇಷ್ಟೇ: ಆ ಕೆಲಸಕ್ಕೆ ಮಗನು ಬರುವವರೆಗೆ ಕಾಯಬೇಕಾಗಿಲ್ಲ.

ಬಂಧುವೊಬ್ಬರಿಂದ ವಿಳಾಸ ಪಡೆದು ಒಂದು ಕಾರ್ಡು ಬರೆದೆವು. ಬುದ್ಧಿಮಾತಿಲ್ಲ, ಬಾ ಎಂಬ ಒತ್ತಾಯವಿಲ್ಲ. "ಅಂದು ಆಡಿದ ಮಾತು ನಮ್ಮ ತಪ್ಪು. ಸೊಸೆಗೂ ಆಶೀರ್ವಾದ." ತಿಂಗಳಿಗೊಂದರಂತೆ ಹನ್ನೊಂದು ಕಾರ್ಡುಗಳು ಹೋದವು. ಉತ್ತರ ಬಂದಿಲ್ಲ. ದುಃಖವೂ ಹೋಗಿಲ್ಲ, ಅದರೊಳಗಿನ ಉರಿ ಮಾತ್ರ ಆರಿದೆ.

ರಾತ್ರಿ ಅಗಳಿ ಹಾಕಲು ಎದ್ದರೆ ನಮ್ಮ ಮನೆಯಾಕೆ, "ಕಡೀ ಬಸ್ಸು ಬಂದ್ಹೋಗಲಿ, ತಡೀರಿ" ಎನ್ನುವಳು. ಮೊದಲು ಈ ಮಾತಿಗೆ ರೇಗುತ್ತಿದ್ದೆವು. ಈಗ ಕಟ್ಟೆಯ ಮೇಲೆ ಅವಳೊಡನೆ ಕುಳಿತಿರುತ್ತೇವೆ.